ತೈವಾನ್ ಹೋಟೆಲಿಗೆ ಹೋಗಿ ಶೆಜ್ವಾನ್ ಕೇಳಬೇಡಿ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಓದುಗರ ಅಂಕಣದಲ್ಲಿ ಹಿರಿಯರೊಬ್ಬರ ಪತ್ರ ಓದಿದೆ. ಮುಂಬಯಿಯಲ್ಲಿ ನಮ್ಮ ಉಡುಪಿ ಹೋಟೆಲುಗಳು ಒಂದೊಂದಾಗಿ ಬಾಗಿಲು ಹಾಕುತ್ತಿವೆ, ನಮ್ಮ ಮಕ್ಕಳು ಮಾತ್ರ ಕೊರಿಯಾ, ಜಪಾನ್, ತೈವಾನ್ ಅಂತ ಯಾವ್ಯಾವುದೋ ದೇಶದ ಊಟದ ಹಿಂದೆ ಓಡುತ್ತಿದ್ದಾರೆ ಅನ್ನುವುದು ಅವರ ಸಂಕಟ. ಆ ಸಂಕಟ ನನಗೂ ಗೊತ್ತು, ಯಾಕೆಂದರೆ ನಾನು ಹೋಟೆಲಿನವರ ಮನೆಯಲ್ಲೇ ಹುಟ್ಟಿ ಬೆಳೆದವಳು. ಆದರೆ ಅವರು ಬೆರಳು ತೋರಿಸಿದ ಕಡೆ ತಪ್ಪಿಲ್ಲ. ಈ ಮಾತನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. ಪತ್ರ ಉದ್ದವಾದರೂ ದಯವಿಟ್ಟು ಜಾಗ ಕೊಡಿ.

ಅಂಧೇರಿ ಪೂರ್ವದಲ್ಲಿ, ಮೆಟ್ರೋ ಇಳಿದು ಸ್ವಲ್ಪ ಒಳಗೆ ನಡೆದರೆ, ಒಂದು ಝೆರಾಕ್ಸ್ ಅಂಗಡಿಗೂ ಒಂದು ಮೆಡಿಕಲ್‌ಗೂ ನಡುವೆ ಸಣ್ಣ ತೈವಾನ್ ಹೋಟೆಲಿದೆ. ಹೆಸರು ಬರೆದರೆ ಜಾಹೀರಾತು ಅಂದುಕೊಳ್ಳುತ್ತಾರೆ, ಹಾಗಾಗಿ ಬರೆಯುವುದಿಲ್ಲ. ಆರು ಮೇಜು, ಸ್ಟೀಲ್ ಸ್ಟೂಲು, ಗೋಡೆಗೆ ಒಂದು ಫ್ಯಾನು. ನಡೆಸುವ ಗಂಡ ಹೆಂಡತಿ ಇಬ್ಬರೂ ತೈನಾನ್‌ನವರು. ಅದು ತೈವಾನಿನ ದಕ್ಷಿಣದ ಹಳೇ ಪಟ್ಟಣ, 1624ರಲ್ಲಿ ಡಚ್ಚರು ಬಂದು ಕೋಟೆ ಕಟ್ಟಲು ಶುರು ಮಾಡಿದ್ದು ಅಲ್ಲೇ. ಹೆಂಡತಿ ಒಲೆ ಮುಂದೆ, ಗಂಡ ಗಲ್ಲೆ ಮೇಲೆ, ಒಳಗೆ ಡಾರ್ಜಿಲಿಂಗ್ ಕಡೆಯ ಇಬ್ಬರು ಹುಡುಗರು. ನನ್ನ ಮಗಳ ಆಫೀಸು ಅಲ್ಲೇ ಹತ್ತಿರ, ಮೊದಲು ಕರೆದುಕೊಂಡು ಹೋದದ್ದು ಅವಳು. ಈಗ ಆ ಕಡೆ ಏನಾದರೂ ಕೆಲಸ ಬಿದ್ದರೆ ನಾನೇ ಡೊಂಬಿವಲಿಯಿಂದ ಸ್ವಲ್ಪ ಬೇಗ ಹೊರಟು, ಅಲ್ಲಿ ಕೂತು ಉಂಡು ಬರುತ್ತೇನೆ.

ಆ ಹೋಟೆಲಿನಲ್ಲಿ ನನಗೆ ಇಷ್ಟವಾಗುವ ಮೊದಲ ಸಂಗತಿ ರುಚಿಯಲ್ಲ. ಎಂಜಲು ತಟ್ಟೆಗಳು ಒಳಗೆ ಹೋಗುವಾಗ ಆ ಹೆಂಗಸು ಒಂದು ಕ್ಷಣ ತಡೆದು ಏನು ಉಳಿದಿದೆ ಅಂತ ನೋಡುತ್ತಾರೆ. ಅನ್ನ ಉಳಿದಿದೆಯಾ, ಸೂಪು ಉಳಿದಿದೆಯಾ, ಸೊಪ್ಪು ಪಕ್ಕಕ್ಕೆ ತಳ್ಳಿದ್ದಾರಾ. ಹೋಟೆಲು ನಡೆಸಿದವರಿಗೆ ಇದು ಗೊತ್ತು. ಗಿರಾಕಿ ಬಾಯಲ್ಲಿ ಏನೇ ಹೇಳಲಿ, ನಿಜ ಹೇಳುವುದು ಅವನ ತಟ್ಟೆ. ನಮ್ಮಪ್ಪ ಚೆಂಬೂರಿನ ಹೋಟೆಲಿನಲ್ಲಿ ದಿನಾ ಮಾಡುತ್ತಿದ್ದದ್ದು ಇದನ್ನೇ.

ಊಟದ ವಿಷಯಕ್ಕೆ ಬರುತ್ತೇನೆ. ಅಲ್ಲಿ ಜಾಸ್ತಿ ಐಟಂ ಇಲ್ಲ. ತೈವಾನಿನಲ್ಲಿ ಸಣ್ಣ ಹೋಟೆಲುಗಳ ಪದ್ಧತಿಯೇ ಹಾಗೆ, ಒಂದೋ ಎರಡೋ ಅಡುಗೆ, ಅದನ್ನೇ ತಲೆಮಾರುಗಟ್ಟಲೆ ಮಾಡುವುದು. ತೈಪೆಯ ಶಿಲಿನ್, ರಾವೋಹೆ ಮುಂತಾದ ರಾತ್ರಿ ಸಂತೆಗಳಲ್ಲಿ ಒಬ್ಬನ ಗಾಡಿಯಲ್ಲಿ ಬರೀ ಕಾಲ್ವದ (ಆಯ್ಸ್ಟರ್ ಅನ್ನುವ ಚಿಪ್ಪುಮೀನು) ಆಮ್ಲೆಟ್, ಇನ್ನೊಬ್ಬನ ಗಾಡಿಯಲ್ಲಿ ಬರೀ ಹುರಿದ ಕೋಳಿ. ಅಂಧೇರಿಯ ಬಾಡಿಗೆಯಲ್ಲಿ ಒಂದೇ ಐಟಂ ಇಟ್ಟುಕೊಂಡು ಬದುಕಲು ಆಗಲ್ಲ, ಹಾಗಾಗಿ ಇವರ ಬೋರ್ಡಿನಲ್ಲಿ ಹತ್ತು ಹನ್ನೆರಡು ಇವೆ.

ಮೊದಲು ತಿನ್ನಬೇಕಾದದ್ದು ಲು ರೋ ಫಾನ್. ತೈವಾನಿನ ಜನ ದಿನಾ ತಿನ್ನುವ ಬಡವರ ಊಟ ಇದು. ಹಂದಿ ಮಾಂಸವನ್ನು ಸಣ್ಣಗೆ ಹೆಚ್ಚಿ, ಸೋಯಾ ಸಾಸ್, ಹುರಿದ ಸಣ್ಣ ಈರುಳ್ಳಿ, ಚಕ್ರಮೊಗ್ಗು, ಚಕ್ಕೆ, ಲವಂಗ ಎಲ್ಲ ಹಾಕಿ ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಬೇಯಿಸುತ್ತಾರೆ. ಆ ಗಟ್ಟಿ ರಸವನ್ನು ಬಿಸಿ ಅನ್ನದ ಮೇಲೆ ಸುರಿದು ಕೊಡುತ್ತಾರೆ, ಪಕ್ಕದಲ್ಲಿ ಅದೇ ರಸದಲ್ಲಿ ಬೆಂದ ಅರ್ಧ ಮೊಟ್ಟೆ, ಸ್ವಲ್ಪ ಉಪ್ಪಿನಕಾಯಿ. ಅಷ್ಟೇ. ಖಾರ ಇಲ್ಲ, ಎಣ್ಣೆ ತೇಲುವುದಿಲ್ಲ, ಆದರೆ ಆ ಹುರಿದ ಈರುಳ್ಳಿಯ ವಾಸನೆ ತಟ್ಟೆ ಮೇಜಿಗೆ ಬರುವ ಮುಂಚೆ ಮೂಗಿಗೆ ಬರುತ್ತದೆ. ಅನ್ನ ಸ್ವಲ್ಪ ಅಂಟಂಟು, ಗಿಡ್ಡ ಕಾಳಿನದು. ಜಪಾನೀಯರು 1895ರಿಂದ 1945ರವರೆಗೆ ತೈವಾನನ್ನು ಆಳಿದರು. ಅವರ ಕಾಲದಲ್ಲಿ ಅಲ್ಲಿನ ಹವೆಗೆ ಹೊಂದುವಂತೆ ಬೆಳೆಸಿದ ಪೊನ್ಲಾಯ್ ಎಂಬ ಅಕ್ಕಿಯ ವಂಶ ಅದು. ಗಂಧಸಾಲೆ, ಬಾಸ್ಮತಿ ಅಭ್ಯಾಸ ಇದ್ದವರಿಗೆ ಮೊದಲ ತುತ್ತು ಬೇರೆ ಅನಿಸಬಹುದು. ಕುಚ್ಚಲಕ್ಕಿ ಉಂಡು ಬೆಳೆದ ನಮ್ಮ ಕಡೆಯವರಿಗೆ ಏನೂ ಕಷ್ಟ ಆಗಲ್ಲ.

ಅಕ್ಕಿ ಅಂದಾಗ ಒಂದು ವಿಷಯ ಹೇಳಲೇಬೇಕು, ನಮ್ಮ ರೈತರ ಮನೆಯವರೂ ಇದನ್ನು ಮರೆತಿದ್ದಾರೆ. ತೈವಾನಿನಲ್ಲಿ ಡೀ-ಜಿಯೋ-ವೂ-ಜೆನ್ ಅಂತ ಒಂದು ಗಿಡ್ಡ ಭತ್ತ ಇತ್ತು. ಅದರ ಪೈರು ಗಿಡ್ಡ, ಕಾಂಡ ಗಟ್ಟಿ. ಗೊಬ್ಬರ ಹಾಕಿ ತೆನೆ ತೂಕ ಬಂದರೂ ಮಲಗುತ್ತಿರಲಿಲ್ಲ. ಫಿಲಿಪೈನ್ಸ್‌ನ ಸಂಶೋಧನಾ ಕೇಂದ್ರದಲ್ಲಿ ಅದನ್ನು ಇಂಡೋನೇಷ್ಯಾದ ಪೇಟಾ ತಳಿಯ ಜೊತೆ ಕೂಡಿಸಿ 1966ರಲ್ಲಿ ಐಆರ್ 8 ತಂದರು. ಅದೇ ಗಿಡ್ಡ ಭತ್ತದಿಂದ ಹುಟ್ಟಿದ ತೈಚುಂಗ್ ನೇಟಿವ್ 1 ತೈವಾನಿನಿಂದ ನಮ್ಮ ದೇಶಕ್ಕೂ ಬಂತು. ಅದನ್ನು ನಮ್ಮ ಟಿ 141 ತಳಿಯ ಜೊತೆ ಕೂಡಿಸಿದಾಗ ಹುಟ್ಟಿದ್ದು ಜಯಾ, 1968ರಲ್ಲಿ ಬಿಡುಗಡೆಯಾಯಿತು. ಕಾರ್ಕಳದ ಹತ್ತಿರ ನನ್ನ ಅಜ್ಜಿಮನೆಯ ಗದ್ದೆಯಲ್ಲಿ ನಾಟಿ ಮಾಡುತ್ತಿದ್ದದ್ದು ಅದೇ ಜಯಾ. ತೈವಾನಿನ ಊಟವನ್ನು ಯಾರೋ ಪರದೇಶದವರ ವಿಚಿತ್ರ ತಿಂಡಿ ಅನ್ನುವವರ ಅಜ್ಜಿಮನೆ ಕಣಜದಲ್ಲೂ ತೈವಾನಿನ ಭತ್ತದ ಮೊಮ್ಮಗಳು ಇದ್ದಿರಬಹುದು, ಅಲ್ವಾ?

ಸಸ್ಯಾಹಾರಿಗಳಿಗೆ ಅಲ್ಲಿ ಏನಿದೆ ಅಂತ ನನ್ನ ಗೆಳತಿಯರು ಕೇಳುತ್ತಾರೆ. ಬೇಕಾದಷ್ಟಿದೆ. ಇದನ್ನು ನಾನು ಒತ್ತಿ ಹೇಳುತ್ತೇನೆ, ಯಾಕೆಂದರೆ ನಮ್ಮಲ್ಲಿ ಪೂರ್ವದೇಶದ ಊಟ ಅಂದ ಕೂಡಲೇ ಹಾವು, ಕಪ್ಪೆ ಅಂತ ಮುಖ ಸಿಂಡರಿಸುವವರೇ ಜಾಸ್ತಿ. ತೈವಾನಿನಲ್ಲಿ ಬೌದ್ಧರು ಮತ್ತು ಯಿಗ್ವಾನ್‌ದಾವ್ ಪಂಥದವರಲ್ಲಿ ಸಸ್ಯಾಹಾರ ಬಹಳ ಬಲವಾಗಿದೆ. ಬೌದ್ಧ ಪದ್ಧತಿಯ ಅಡುಗೆಯಲ್ಲಿ ಮಾಂಸ ಬಿಡುವುದಷ್ಟೇ ಅಲ್ಲ, ಈರುಳ್ಳಿ ಬೆಳ್ಳುಳ್ಳಿಯನ್ನೂ ಬಿಡುತ್ತಾರೆ. ನಮ್ಮ ಮಠದ ಊಟದ ನಿಯಮವೂ ಅದೇ ತಾನೆ? ಅಲ್ಲಿ ಸಸ್ಯಾಹಾರ ಅಂತ ಬರೆದು ಮಾರುವ ಪೊಟ್ಟಣದ ಮೇಲೆ ಯಾವ ಬಗೆಯ ಸಸ್ಯಾಹಾರ, ಹಾಲು ಇದೆಯಾ, ಮೊಟ್ಟೆ ಇದೆಯಾ, ಈರುಳ್ಳಿ ಬೆಳ್ಳುಳ್ಳಿ ಇದೆಯಾ ಅಂತ ನಮೂದಿಸಲೇಬೇಕು, ಅದು ಕಾನೂನು. ಅಂಧೇರಿಯ ಈ ಹೋಟೆಲಿನಲ್ಲೂ ಅದೇ ಲು ರೋ ಫಾನ್ ಅನ್ನವನ್ನು ಅಣಬೆ ಮತ್ತು ತೋಫು ಹಾಕಿ ಬೇರೆ ಪಾತ್ರೆಯಲ್ಲಿ ಮಾಡುತ್ತಾರೆ. ಒಂದೇ ಸೌಟು ಎರಡು ಕಡೆ ಅದ್ದುವುದನ್ನು ನಾನು ನೋಡಿಲ್ಲ.

ಸಸ್ಯಾಹಾರಿಗಳು ಕೇಳಬೇಕಾದದ್ದು ಮೂರು ಬಟ್ಟಲಿನ ಅಣಬೆ. ಮೂಲದಲ್ಲಿ ಇದು ಕೋಳಿಯ ಅಡುಗೆ. ಒಂದು ಪಾಲು ಹುರಿದ ಎಳ್ಳಿನ ಎಣ್ಣೆ, ಒಂದು ಪಾಲು ಸೋಯಾ ಸಾಸ್, ಒಂದು ಪಾಲು ಅಕ್ಕಿಯ ವೈನ್, ಅದಕ್ಕೇ ಮೂರು ಬಟ್ಟಲು. ಶುಂಠಿಯನ್ನು ಸಿಪ್ಪೆ ಸಮೇತ ತೆಳ್ಳಗೆ ಹೆಚ್ಚಿ ಎಳ್ಳೆಣ್ಣೆಯಲ್ಲಿ ಅಂಚು ಸುರುಟುವವರೆಗೆ ಹುರಿದು, ಬೆಳ್ಳುಳ್ಳಿ ಇಡಿಯಾಗಿ ಹಾಕಿ, ಎಲ್ಲ ಇಂಗಿ ಅಣಬೆಗೆ ಹಿಡಿದುಕೊಂಡ ಮೇಲೆ ಒಂದು ಹಿಡಿ ಕಾಮಕಸ್ತೂರಿ ಎಲೆ ಹಾಕಿ ಮುಚ್ಚಳ ಮುಚ್ಚುತ್ತಾರೆ. ಮೇಜಿಗೆ ತಂದು ಮುಚ್ಚಳ ತೆಗೆದಾಗ ಬರುವ ಘಮ ಇದೆಯಲ್ಲ, ಅದನ್ನು ನಾನು ಬರೆದು ತಿಳಿಸಲಾರೆ. ನಾವು ಕಾಮಕಸ್ತೂರಿ ಬೀಜವನ್ನು ಶರಬತ್ತಿಗೆ ನೆನೆಹಾಕುತ್ತೇವೆ, ಎಲೆಯನ್ನು ಮಾಲೆಗೆ ಕಟ್ಟುತ್ತೇವೆ, ಒಗ್ಗರಣೆಗೆ ಮಾತ್ರ ಹಾಕಲ್ಲ. ನಾನು ಈಗ ಮನೆಯಲ್ಲಿ ಬದನೆಕಾಯಿಗೆ ಹಾಕುತ್ತಿದ್ದೇನೆ, ತುಂಬ ಚೆನ್ನಾಗಿ ಆಗುತ್ತದೆ. ವೈನ್ ಬೇಡ ಅನ್ನುವವರು ಮೊದಲೇ ಹೇಳಿದರೆ ಅವರು ಬಿಟ್ಟು ಮಾಡಿಕೊಡುತ್ತಾರೆ.

ನಮಗೂ ಅವರಿಗೂ ಒಂದೇ ಆಗಿರುವ ಪದಾರ್ಥ ಎಷ್ಟಿವೆ ಅಂತ ನೋಡುತ್ತಾ ಹೋದರೆ ಮುಗಿಯುವುದೇ ಇಲ್ಲ. ನಾವು ಪತ್ರೊಡೆಗೆ ಎಲೆ ಕೊಯ್ಯುವ ಕೆಸುವಿನ ಗಡ್ಡೆಯನ್ನು ಅವರು ಬೇಯಿಸಿ ಅರೆದು, ಗೆಣಸಿನ ಹಿಟ್ಟು ಸೇರಿಸಿ ಉಂಡೆ ಕಟ್ಟಿ ಸಿಹಿ ಪಾಯಸಕ್ಕೆ ಹಾಕುತ್ತಾರೆ. ತೈವಾನಿನ ಉತ್ತರದ ಗುಡ್ಡದಲ್ಲಿ ಜಿಯೂಫೆನ್ ಅಂತ ಒಂದು ಹಳೇ ಚಿನ್ನದ ಗಣಿಯ ಊರಿದೆ, ಆ ಊರಿಗೆ ಹೋದವರು ಇದನ್ನು ತಿನ್ನದೆ ಬರುವುದಿಲ್ಲವಂತೆ. ಮಳೆಗಾಲದಲ್ಲಿ ನಮ್ಮ ಕಡೆ ಕಣಿಲೆ, ಮಲೆನಾಡಿನಲ್ಲಿ ಕಳಲೆ ಅನ್ನುವ ಎಳೆ ಬಿದಿರು ಅಲ್ಲೂ ಸೂಪಿಗೆ, ಪಲ್ಯಕ್ಕೆ, ಉಪ್ಪಿನಕಾಯಿಗೆ ಬೇಕೇ ಬೇಕು. ತೈವಾನಿನಲ್ಲಿ ಸರ್ಕಾರ ಗುರುತಿಸಿದ ಹದಿನಾರು ಮೂಲನಿವಾಸಿ ಪಂಗಡಗಳಿವೆ, ಚೀನಾದಿಂದ ಜನ ಬರುವುದಕ್ಕೆ ಸಾವಿರಾರು ವರ್ಷ ಮುಂಚೆಯೇ ಅಲ್ಲಿದ್ದವರು. ಅವರ ಹಬ್ಬದ ಧಾನ್ಯ ಯಾವುದು ಗೊತ್ತಾ? ನವಣೆ. ನಮ್ಮ ಬಯಲುಸೀಮೆಯವರು ಬಿಟ್ಟು, ಈಗ ಸಕ್ಕರೆ ಕಾಯಿಲೆಗೆ ಒಳ್ಳೆಯದು ಅಂತ ಮತ್ತೆ ಹುಡುಕುತ್ತಿರುವ ಅದೇ ನವಣೆ. ಅಲ್ಲಿನ ಬಿಸಿ ದಕ್ಷಿಣದಲ್ಲಿ ಅಡಿಕೆ ತೋಟಗಳೂ ಇವೆ, ಹಸಿ ಅಡಿಕೆಯನ್ನು ಸುಣ್ಣ, ವೀಳ್ಯದೆಲೆ ಜೊತೆ ಜಗಿಯುತ್ತಾರೆ. ಇನ್ನು ಸಿಚುವಾನ್ ಮೆಣಸು, ನಾಲಗೆ ಜುಂ ಅನ್ನಿಸುವುದು, ಅದು ನಮ್ಮ ಕೊಂಕಣಿಯವರು ಬಂಗುಡೆ ಸಾರಿಗೆ ಹಾಕುವ ತೆಪ್ಪಳದ ಹತ್ತಿರದ ಬಂಧು. ಮಲೆನಾಡಿನವರು ಜುಮ್ಮನಕಾಯಿ ಅನ್ನುತ್ತಾರೆ. ಗೋವಾದಲ್ಲೂ ಬಂಗುಡೆ ಸಾರಿಗೆ ಅದನ್ನು ಹಾಕುತ್ತಾರೆ.

ಮಕ್ಕಳೆಲ್ಲ ಕುಡಿಯುವ ಬಬಲ್ ಟೀ ಬಗ್ಗೆ ಹಿರಿಯರ ಪತ್ರದಲ್ಲಿ ಸಿಟ್ಟು ಜಾಸ್ತಿ ಇತ್ತು. ಗಾಜಿನಂಥ ಕಪ್ಪು ಗುಂಡು ಹಾಕಿದ ಆ ಚಹಾ 1980ರ ದಶಕದಲ್ಲಿ ತೈವಾನಿನಲ್ಲಿ ಹುಟ್ಟಿದ್ದು. ತೈಚುಂಗ್‌ನ ಒಂದು ಚಹಾ ಅಂಗಡಿ, ತೈನಾನ್‌ನ ಇನ್ನೊಂದು, ಎರಡೂ ನಾವೇ ಮೊದಲು ಅಂತ ವರ್ಷಗಟ್ಟಲೆ ಕೋರ್ಟಿಗೆ ಅಲೆದವು, ಕೊನೆಗೆ 2019ರಲ್ಲಿ ಕೋರ್ಟು ಯಾರು ಮೊದಲು ಅಂತ ತೀರ್ಮಾನಿಸುವ ಅಗತ್ಯವೇ ಇಲ್ಲ ಅಂದಿತು. ಆ ಕಪ್ಪು ಗುಂಡು ಮರಗೆಣಸಿನ ಹಿಟ್ಟಿನದು. ಮುಂಬಯಿಯಲ್ಲಿ ಉಪವಾಸದ ದಿನ ಮನೆಮನೆಯಲ್ಲಿ ಖಿಚಡಿ ಮಾಡುವ ಸಾಬುದಾಣೆ, ನಮ್ಮ ಸಬ್ಬಕ್ಕಿ, ಅದೂ ತಮಿಳುನಾಡಿನ ಸೇಲಂ ಕಡೆ ಅದೇ ಮರಗೆಣಸಿನಿಂದಲೇ ತಯಾರಾಗುತ್ತದೆ. ಸಬ್ಬಕ್ಕಿ ಪಾಯಸ ಕುಡಿಯುವ ಮನೆಯವರು ಮೊಮ್ಮಗಳ ಬಬಲ್ ಟೀ ನೋಡಿ ಬೆಚ್ಚಿಬೀಳಬೇಕಾಗಿಲ್ಲ. ಸಕ್ಕರೆ ಜಾಸ್ತಿ ಅನ್ನುವ ಮಾತು ಮಾತ್ರ ಒಪ್ಪುತ್ತೇನೆ. ಈ ಹೋಟೆಲಿನಲ್ಲಿ ಸಕ್ಕರೆ ಎಷ್ಟು ಬೇಕು ಅಂತ ಕೇಳಿಯೇ ಹಾಕುತ್ತಾರೆ, ಕಡಿಮೆ ಅನ್ನಿ. ಗುಂಡುಗಳನ್ನು ಅವರು ದಿನಕ್ಕೆ ಎರಡು ಸಲ ಬೇಯಿಸುತ್ತಾರೆ, ಕೆಲವು ಗಂಟೆ ಕಳೆದರೆ ಗಟ್ಟಿಯಾಗುತ್ತದೆ ಅಂತ ಉಳಿದದ್ದನ್ನು ಚೆಲ್ಲಿಬಿಡುತ್ತಾರೆ. ಸಣ್ಣ ಹೋಟೆಲಿನಲ್ಲಿ ಮಾಡಿದ್ದನ್ನು ಚೆಲ್ಲುವುದು ಅಂದರೆ ಎಷ್ಟು ಕಷ್ಟ ಅಂತ ಹೋಟೆಲಿನವರಿಗೆ ಹೇಳಬೇಕಾಗಿಲ್ಲ.

ಅವರ ಹೆಸರುವಾಸಿ ಅಡುಗೆ ನೂಡಲ್ ಸೂಪು. ತೈವಾನಿನಲ್ಲಿ ಅದನ್ನು ದನದ ಮಾಂಸದಲ್ಲಿ ಮಾಡುತ್ತಾರೆ. ಮಹಾರಾಷ್ಟ್ರದಲ್ಲಿ 2015ರಿಂದ ಎತ್ತು, ಹೋರಿಗಳ ವಧೆಗೂ ನಿಷೇಧವಿದೆ, ಇವರು ಕುರಿ ಮಾಂಸದಲ್ಲಿ ಮಾಡುತ್ತಾರೆ. ನಮ್ಮವರಿಗೆ ಗೊತ್ತಿಲ್ಲದ ಸಂಗತಿ ಏನೆಂದರೆ, ತೈವಾನಿನ ಹಳೇ ರೈತ ಮನೆತನದವರು ಎಷ್ಟೋ ಮಂದಿ ಇವತ್ತಿಗೂ ದನದ ಮಾಂಸ ಮುಟ್ಟುವುದಿಲ್ಲ. ಗದ್ದೆ ಉತ್ತ ಪ್ರಾಣಿಯನ್ನು ತಿನ್ನಬಾರದು ಅನ್ನುವುದು ಅವರ ನಂಬಿಕೆ. ಆ ಸೂಪು ಅಲ್ಲಿ ಬೇರೂರಿದ್ದು 1949ರ ಆಸುಪಾಸು, ಚೀನಾದ ಅಂತರ್ಯುದ್ಧದಲ್ಲಿ ಸೋತ ಸೈನಿಕರೂ ಅವರ ಸಂಸಾರಗಳೂ ಲಕ್ಷಗಟ್ಟಲೆ ದ್ವೀಪಕ್ಕೆ ಬಂದ ಮೇಲೆ. ಊರು ಬಿಟ್ಟು ಬಂದವರು ಬೀನ್ಸ್ ಕಾಳನ್ನು ಹುದುಗಿಸಿ ಮಾಡುವ ಸಿಚುವಾನಿನ ಖಾರದ ಪೇಸ್ಟಿನ ರುಚಿಯನ್ನು ನೆನಪಿನಿಂದ ಮಾಡಿಕೊಂಡರು. ಅದೇ ಹೊತ್ತಿಗೆ, 1951ರಿಂದ 1965ರವರೆಗೆ, ಅಮೆರಿಕದ ನೆರವಿನಲ್ಲಿ ಗೋಧಿ ಬಂತು, ಅಕ್ಕಿ ಉಣ್ಣುವ ಜನ ಗೋಧಿ ನೂಡಲ್ ಕಲಿತರು. ನಮ್ಮಲ್ಲೂ ಹೆಚ್ಚುಕಡಿಮೆ ಅದೇ ಕಾಲದಲ್ಲಿ ಅಮೆರಿಕದ ನೆರವಿನಲ್ಲಿ ಬಂದ ಪಿಎಲ್ 480 ಗೋಧಿಗೆ ರೇಷನ್ ಅಂಗಡಿ ಮುಂದೆ ಜನ ಸಾಲು ನಿಂತಿದ್ದರಲ್ಲ. ಹೊಟ್ಟೆಪಾಡಿಗೆ ಊರು ಬಿಟ್ಟವರು ಹೊಸ ಊರಿನಲ್ಲಿ ಸಿಕ್ಕಿದ್ದರಲ್ಲಿ ತಮ್ಮ ರುಚಿ ಮಾಡಿಕೊಂಡ ಕಥೆ ಅದು. ಮುಂಬಯಿಯ ಕನ್ನಡಿಗರಿಗೆ ಇದಕ್ಕಿಂತ ಹತ್ತಿರದ ಕಥೆ ಬೇರೆ ಯಾವುದಿದೆ?

ಈಗ ನಾನು ಈ ಪತ್ರ ಬರೆಯಲು ಕೂತ ಕಾರಣ ಹೇಳುತ್ತೇನೆ.

ಹೋದ ತಿಂಗಳು ಅಲ್ಲಿ ಕೂತಿದ್ದಾಗ ಪಕ್ಕದ ಮೇಜಿಗೆ ಒಂದು ಸಂಸಾರ ಬಂತು, ಮಾತಿನಲ್ಲಿ ನಮ್ಮ ಕಡೆಯವರೇ ಅಂತ ಗೊತ್ತಾಯಿತು. ಬೋರ್ಡು ಓದಲಿಲ್ಲ. ಶೆಜ್ವಾನ್ ಫ್ರೈಡ್ ರೈಸ್ ಇದೆಯಾ, ಮಂಚೂರಿಯನ್ ಇದೆಯಾ, ಪನೀರ್ ಚಿಲ್ಲಿ ಇದೆಯಾ. ಗಲ್ಲೆಯಲ್ಲಿದ್ದ ಆತ ತನಗೆ ಬರುವ ಹಿಂದಿಯಲ್ಲಿ, ಇಲ್ಲ, ಇದು ತೈವಾನ್ ಊಟ, ಇದನ್ನು ತಿಂದು ನೋಡಿ ಅಂತ ನಗುಮುಖದಲ್ಲೇ ಹೇಳಿದರು. ಚೈನೀಸ್ ಹೋಟೆಲು ಅಂದ ಮೇಲೆ ಮಂಚೂರಿಯನ್ ಇಲ್ಲ ಅಂದರೆ ಹೇಗೆ ಅಂತ ಆ ಮನುಷ್ಯ ಗಟ್ಟಿಯಾಗಿ ಹೇಳಿ, ಎದ್ದು ಹೋದ. ಹೆಂಡತಿ ಮಕ್ಕಳೂ ಎದ್ದರು. ಅಡುಗೆಮನೆಯ ಕಿಟಕಿಯಿಂದ ಆ ಹೆಂಗಸು ಇದನ್ನೆಲ್ಲ ನೋಡುತ್ತಿದ್ದರು. ಇದು ದಿನಾ ಆಗುತ್ತದೆ ಅಂತ ಆಮೇಲೆ ಆತ ಹೇಳಿದರು. ಮೊನ್ನೆ ಹೋದಾಗ ನೋಡುತ್ತೇನೆ, ಬೋರ್ಡಿನ ಕೆಳಗಡೆ ಶೆಜ್ವಾನ್ ರೈಸ್, ಚಿಲ್ಲಿ ಪನೀರ್ ಬಂದಿವೆ. ಅವುಗಳಿಗೆ ಜಾಗ ಮಾಡಲು ಕೆಸುವಿನ ಉಂಡೆಯ ಪಾಯಸ ಅಳಿಸಿದ್ದಾರೆ.

ನನಗೆ ತುಂಬ ನೋವಾಯಿತು. ಯಾಕೆ ಅಂದರೆ ಇದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಅಂತ ನಾನು ನಮ್ಮ ಮನೆಯಲ್ಲೇ ನೋಡಿದ್ದೇನೆ.

ನಮ್ಮಪ್ಪ ಕಾರ್ಕಳದಿಂದ ಹುಡುಗನಾಗಿದ್ದಾಗ ಬಂದು ಫೋರ್ಟಿನ ಒಂದು ಹೋಟೆಲಿನಲ್ಲಿ ಲೋಟ ತೊಳೆದವರು. ರಾತ್ರಿ ಕನ್ನಡ ಶಾಲೆಯಲ್ಲಿ ಓದಿದವರು, ಆ ಕಾಲದಲ್ಲಿ ಹೋಟೆಲ್ ಹುಡುಗರಿಗಾಗಿ ನಮ್ಮವರೇ ನಡೆಸುತ್ತಿದ್ದ ರಾತ್ರಿ ಶಾಲೆಗಳು ಎಷ್ಟೋ ಜನರ ಬದುಕು ಕಟ್ಟಿದವು. ಆಮೇಲೆ ಚೆಂಬೂರಿನಲ್ಲಿ ಸಣ್ಣ ಜಾಗ ಹಿಡಿದು ಸ್ವಂತ ಹೋಟೆಲು ಮಾಡಿದರು. ನಾನು ಚಿಕ್ಕವಳಿದ್ದಾಗ ಆ ಹೋಟೆಲಿನಲ್ಲಿ ಮಳೆಗಾಲಕ್ಕೆ ಪತ್ರೊಡೆ ಸಿಗುತ್ತಿತ್ತು, ಭಾನುವಾರ ಕೊಟ್ಟೆ ಕಡುಬು, ಸಂಜೆ ಗೋಳಿಬಜೆ, ಬನ್ಸು, ಬಿಸಿ ಕಷಾಯ. ಎಂಬತ್ತರ ದಶಕದಲ್ಲಿ ಗಿರಾಕಿಗಳು ಚೈನೀಸ್ ಇಲ್ವಾ, ಪಂಜಾಬಿ ಇಲ್ವಾ ಅಂತ ಕೇಳಲು ಶುರು ಮಾಡಿದರು. ಮುಂಬಯಿಯಲ್ಲಿ ಆಗ ಮಂಚೂರಿಯನ್ ಹುಚ್ಚು. ಕೋಲ್ಕತ್ತದಿಂದ ಬಂದ ನೆಲ್ಸನ್ ವಾಂಗ್ 1975ರಲ್ಲಿ ಇಲ್ಲಿನ ಕ್ರಿಕೆಟ್ ಕ್ಲಬ್ಬಿನಲ್ಲಿ ಮೊದಲ ಸಲ ಮಾಡಿದ್ದು ಅಂತ ಹೇಳುವ ಆ ಅಡುಗೆ ಹತ್ತು ವರ್ಷದಲ್ಲಿ ಬೀದಿಬೀದಿಗೆ ಬಂದಿತ್ತು. ಅಪ್ಪ ಮೆನುವಿಗೆ ಒಂದು ಹಾಳೆ ಸೇರಿಸಿದರು. ಬೇರೆ ಬಾಣಸಿಗ ಬಂದ, ಅವನಿಗೆ ಒಲೆ ಬೇಕು, ಜಾಗ ಬೇಕು, ಸಂಬಳ ಬೇಕು. ಮೊದಲು ಕೊಟ್ಟೆ ಕಡುಬು ಹೋಯಿತು, ಹಲಸಿನ ಎಲೆ ತರಿಸುವುದು ಯಾಕೆ ಅಂತ. ಆಮೇಲೆ ಪತ್ರೊಡೆ. ಕಷಾಯದ ಜಾಗದಲ್ಲಿ ಕೋಲ್ಡ್ ಡ್ರಿಂಕ್ಸ್ ಫ್ರಿಜ್ ಬಂತು. ಅಪ್ಪನನ್ನು ನಾನು ಯಾವತ್ತೂ ದೂರುವುದಿಲ್ಲ, ನಮ್ಮ ಶಾಲೆಯ ಫೀಸು ಆ ಹಾಳೆಯಿಂದಲೇ ಬಂದದ್ದು. ಆದರೆ ಮೆನುವಿನಿಂದ ಒಮ್ಮೆ ಹೋದ ಅಡುಗೆ ಮತ್ತೆ ಬರಲಿಲ್ಲ. ಅದನ್ನು ಮಾಡುತ್ತಿದ್ದ ಭಟ್ಟರು ಊರಿಗೆ ಹೋದರು, ಅವರ ಕೈಯ ಹದ ಅವರ ಜೊತೆಯೇ ಹೋಯಿತು. ಚೆಂಬೂರಿನಲ್ಲಿ ಹತ್ತು ಹೋಟೆಲಿನಲ್ಲಿ ಒಂದೇ ಮೆನು ಆದ ಮೇಲೆ ನಮ್ಮ ಹೋಟೆಲಿಗೇ ಬರಬೇಕು ಅನ್ನುವುದಕ್ಕೆ ಗಿರಾಕಿಗೆ ಕಾರಣವೂ ಉಳಿಯಲಿಲ್ಲ.

ಮಾಟುಂಗಾಕ್ಕೆ ಹೋಗಿ ನೋಡಿ. ಎ. ರಾಮ ನಾಯಕರು 1942ರಲ್ಲಿ ಸ್ಟೇಷನ್ ಹತ್ತಿರ ಶುರು ಮಾಡಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಇವತ್ತಿಗೂ ಬಾಳೆ ಎಲೆ ಊಟಕ್ಕೆ ಜನ ಕಾಯುತ್ತಾರೆ. ಅಲ್ಲಿಗೆ ಬರುವವರಲ್ಲಿ ಕನ್ನಡಿಗರಿಗಿಂತ ಗುಜರಾತಿಗಳು, ಮರಾಠಿಗರು, ಎಲ್ಲೆಲ್ಲಿಂದಲೋ ಬಂದ ಜನ ಜಾಸ್ತಿ. ಅವರು ಬಂದು ಇಲ್ಲಿ ಢೋಕ್ಲಾ ಇಲ್ವಾ ಅಂತ ಕೇಳದೆ ಸಾರು, ಹುಳಿ, ರಸಂ ಅಂತ ಕಲಿತು ಉಂಡದ್ದರಿಂದ ತಾನೇ ಆ ಊಟ ಉಳಿದದ್ದು? ಬೇರೆ ಊರಿನ ಜನ ನಮ್ಮ ಊಟಕ್ಕೆ ಕೊಟ್ಟ ಆ ಮರ್ಯಾದೆಯ ಮೇಲೆ ಈ ಪಟ್ಟಣದಲ್ಲಿ ನಮ್ಮ ಸಾವಿರಾರು ಸಂಸಾರಗಳು ಬದುಕಿದವು. ಅದೇ ಮರ್ಯಾದೆಯನ್ನು ಆರು ಮೇಜಿನ ಒಂದು ತೈವಾನ್ ಹೋಟೆಲಿಗೆ ಕೊಡಲು ನಮಗೆ ಏನು ಕಷ್ಟ?

ಉಡುಪಿ ಹೋಟೆಲು ಮುಚ್ಚುವುದಕ್ಕೆ ಕಾರಣಗಳು ಬೇರೆ. ಬಾಡಿಗೆ ಕೈಗೆ ಸಿಗದಷ್ಟು ಮೇಲೆ ಹೋಗಿದೆ. ಹಳೇ ಕಟ್ಟಡ ಕೆಡವಿ ಟವರ್ ಕಟ್ಟುವಾಗ ಕೆಳಗಿನ ಹೋಟೆಲಿನವರು ವರ್ಷಗಟ್ಟಲೆ ಬೀದಿಯಲ್ಲಿ. ಆರ್ಡರ್ ತರುವ ಆ್ಯಪುಗಳು ಪ್ರತಿ ಪ್ಲೇಟಿನ ಮೇಲೆ ಕಮಿಷನ್ ಹಿಡಿಯುತ್ತವೆ. ಊರಿನಿಂದ ಹುಡುಗರು ಬರುತ್ತಿಲ್ಲ, ಬರಬೇಕು ಅಂತಲೂ ನಾನು ಹೇಳಲ್ಲ, ಹನ್ನೆರಡು ವರ್ಷದ ಮಕ್ಕಳು ಬಂದು ಲೋಟ ತೊಳೆಯುವ ಕಾಲ ಮುಗಿದದ್ದು ಒಳ್ಳೆಯದೇ. ಮಾಲೀಕರ ಮಕ್ಕಳು ಓದಿ ಬೇರೆ ಕೆಲಸಕ್ಕೆ ಹೋದರು, ನಾನೇ ಬ್ಯಾಂಕಿಗೆ ಹೋದೆ, ನನ್ನ ತಮ್ಮ ಮಸ್ಕತ್ತಿಗೆ. ಇದರಲ್ಲಿ ತೈನಾನ್‌ನಿಂದ ಬಂದ ಗಂಡ ಹೆಂಡತಿಯ ಪಾಲು ಏನೂ ಇಲ್ಲ. ಅವರಿಗೂ ಅದೇ ಬಾಡಿಗೆ, ಅದೇ ಆ್ಯಪು, ಅದೇ ಗ್ಯಾಸ್ ಸಿಲಿಂಡರ್. ಅವರು ನಮ್ಮ ಹಾಗೆಯೇ ಇರುವವರು. ತೈವಾನಿನ ಕಚೇರಿ ಮುಂಬಯಿಯಲ್ಲಿ 2024ರಲ್ಲಿ ತೆರೆದಿದೆ, ಕರ್ನಾಟಕದಲ್ಲಿ ದೇವನಹಳ್ಳಿಯ ಹತ್ತಿರ ತೈವಾನಿನ ಕಂಪನಿ ಫೋನು ತಯಾರಿಸುತ್ತಿದೆ. ಜನ ಬರುತ್ತಾರೆ, ಅವರ ಹಿಂದೆ ಅಡುಗೆ ಬರುತ್ತದೆ. ನಮ್ಮ ಜನ ಇಲ್ಲಿನ ಮಿಲ್ಲು, ಬ್ಯಾಂಕು, ಬಂದರಿಗೆ ಬಂದಾಗ ಆದದ್ದೂ ಇದೇ.

ಅದಕ್ಕೆ ನಿಮ್ಮ ಓದುಗರಲ್ಲಿ ನನ್ನ ಕೋರಿಕೆ ಇಷ್ಟು. ಅಂಥ ಹೋಟೆಲಿಗೆ ಹೋದರೆ ಬೋರ್ಡಿನ ಕೆಳಗಿನ ಎರಡು ಸಾಲು ಬಿಡಿ, ಮೇಲಿನದನ್ನು ಕೇಳಿ. ಗೊತ್ತಾಗದಿದ್ದರೆ ಇದೇನು ಅಂತ ಕೇಳಿ, ಹೇಳಲು ಅವರಿಗೆ ಬೇಸರವಿಲ್ಲ. ಸಸ್ಯಾಹಾರಿಗಳು ಮೂರು ವಿಷಯ ತಪ್ಪದೆ ವಿಚಾರಿಸಿ: ಸಾಸಿನಲ್ಲಿ ಕಾಲ್ವದ ರಸ ಇದೆಯಾ, ಒಣ ಸಿಗಡಿ ಹಾಕಿದ್ದೀರಾ, ಈರುಳ್ಳಿ ಹುರಿದದ್ದು ಹಂದಿ ಕೊಬ್ಬಿನಲ್ಲಾ ಎಣ್ಣೆಯಲ್ಲಾ. ಖಾರ ಸಾಲದಿದ್ದರೆ ಮೇಜಿನ ಮೇಲೆ ಅವರದೇ ಮೆಣಸಿನ ಎಣ್ಣೆ ಇರುತ್ತದೆ, ಅದನ್ನು ಹಾಕಿಕೊಳ್ಳಿ. ಅವರು ಕುರಿ ಮಾಂಸಕ್ಕೆ ಬದಲಿಸಿದ್ದು ಇಲ್ಲಿನ ಕಾನೂನಿಗೆ, ರಸದ ಹದ, ಮಸಾಲೆ, ಬೇಯಿಸುವ ಹೊತ್ತು ಎಲ್ಲ ಹಾಗೆಯೇ ಇದೆ. ಆ ಥರದ ಬದಲಾವಣೆ ಎಲ್ಲ ವಲಸೆಗಾರರೂ ಮಾಡುತ್ತಾರೆ. ನಾವು ಗದರಿಸಿ ಮಾಡಿಸುವ ಬದಲಾವಣೆಯಲ್ಲಿ ಅಡುಗೆಯೇ ಉಳಿಯುವುದಿಲ್ಲ. ಮಂಚೂರಿಯನ್ ಬೇಕಾದರೆ ಪಕ್ಕದ ಬೀದಿಯಲ್ಲೇ ಸಿಗುತ್ತದೆ, ಅದೂ ಒಳ್ಳೆಯ ತಿಂಡಿಯೇ, ಅಲ್ಲೇ ತಿನ್ನಿ.

ಬೆಲೆ ಬಗ್ಗೆಯೂ ಹೇಳಿಬಿಡುತ್ತೇನೆ. ಒಂದು ಬಟ್ಟಲು ಅನ್ನಕ್ಕೆ 300 ರೂಪಾಯಿ ಮೇಲಾಗುತ್ತದೆ, ಕಡಿಮೆ ಏನಲ್ಲ. ಮಾಲಿನಲ್ಲಿ ಅದಕ್ಕಿಂತ ಜಾಸ್ತಿ ಕೊಟ್ಟು ಫ್ರಿಜ್‌ನಿಂದ ತೆಗೆದು ಬಿಸಿ ಮಾಡಿದ್ದನ್ನು ತಿನ್ನುತ್ತೇವೆ. ಇಲ್ಲಿ ಬೆಳಿಗ್ಗೆ ಎಂಟಕ್ಕೆ ಒಲೆ ಮೇಲೆ ಇಟ್ಟದ್ದು ಮಧ್ಯಾಹ್ನ ಒಂದಕ್ಕೆ ನಿಮ್ಮ ಮುಂದೆ ಬರುತ್ತದೆ. ಇಬ್ಬರು ಹೋದರೆ ಒಂದು ಅನ್ನ, ಒಂದು ಮೂರು ಬಟ್ಟಲಿನ ಅಣಬೆ, ಒಂದು ಈರುಳ್ಳಿ ಸೊಪ್ಪಿನ ರೊಟ್ಟಿ ತೆಗೆದುಕೊಂಡು ಹಂಚಿಕೊಳ್ಳಿ, ಸಾಕಾಗುತ್ತದೆ. ಆ ರೊಟ್ಟಿ ನಮ್ಮ ಪರೋಟಾದ ಹಾಗೆಯೇ ಸುತ್ತಿ, ಸುರುಳಿ ಮಾಡಿ, ತಟ್ಟಿ ಬೇಯಿಸಿದ್ದು, ಪದರ ಪದರವಾಗಿ ಏಳುತ್ತದೆ. ಮಕ್ಕಳಿಗೆ ಅದು ಖಂಡಿತ ಇಷ್ಟವಾಗುತ್ತದೆ.

ಸಂಪಾದಕರೇ, ನಿಮ್ಮಲ್ಲೂ ಒಂದು ಕೋರಿಕೆ. ನಿಮ್ಮ ಭಾನುವಾರದ ಪುರವಣಿಯಲ್ಲಿ ದೊಡ್ಡ ಹೋಟೆಲುಗಳ ಉತ್ಸವ, ಬಫೆಗಳ ಬಗ್ಗೆ ಬರುತ್ತದೆ. ಅದರ ಪಕ್ಕದಲ್ಲಿ ಮುಂಬಯಿ, ಪುಣೆಯ ಇಂಥ ಸಣ್ಣ ಹೋಟೆಲುಗಳ ಬಗ್ಗೆಯೂ ಬರೆಸಿ, ನಮ್ಮವರದ್ದೂ, ಹೊರಗಿನವರದ್ದೂ. ಅದರ ಜೊತೆಗೆ ಮುಂಬಯಿಯಲ್ಲಿ ಇವತ್ತಿಗೂ ಮಳೆಗಾಲಕ್ಕೆ ಪತ್ರೊಡೆ ಮಾಡುವ, ಹಲಸಿನ ಎಲೆಯಲ್ಲಿ ಕಡುಬು ಬೇಯಿಸುವ ಹೋಟೆಲು ಯಾವುದಾದರೂ ಇದ್ದರೆ ಓದುಗರು ಈ ಅಂಕಣಕ್ಕೇ ಬರೆದು ತಿಳಿಸಲಿ. ಕಳೆದ ವಾರ ಪತ್ರ ಬರೆದ ಹಿರಿಯರಿಗೆ ಅಂಥ ವಿಳಾಸ ಗೊತ್ತಿದ್ದರೆ ಅವರೇ ಮೊದಲು ಬರೆಯಲಿ, ನಾನು ಮಗಳನ್ನು ಕರೆದುಕೊಂಡು ಅಲ್ಲಿಗೂ ಹೋಗುತ್ತೇನೆ.

ಇಂತಿ,
ನಿಮ್ಮ ಹಳೆಯ ಓದುಗಾರ್ತಿ, ಡೊಂಬಿವಲಿ ಪೂರ್ವ